ಚಳಿಗಾಲಕ್ಕೆ ಯಾವ ಸೂಪ್? ಟೊಮೆಟೊ, ಬೇಳೆ, ಕೋಳಿ, ಅಣಬೆಗಳ ಹೋಲಿಕೆ

ಚಳಿಗಾಲದ ಸೂಪನ್ನು ರುಚಿಯೊಂದರಿಂದಲೇ ಅಳೆಯಲಾಗದು. ಒಲೆಯಿಂದ ಇಳಿಸಿದ ಕ್ಷಣದಲ್ಲಿ ಎಲ್ಲ ಸೂಪುಗಳೂ ಬಿಸಿಯಾಗಿಯೇ ಇರುತ್ತವೆ. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೂ ಅದು ಬಿಸಿಯಾಗಿ ಉಳಿದಿದೆಯೇ, ಕುಡಿದ ಮೇಲೆ ಹೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ, ದಣಿದು ಮನೆಗೆ ಬಂದ ಸಂಜೆಯೂ ಅದನ್ನು ಮಾಡುವ ಮನಸ್ಸಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಚಳಿಗಾಲದಲ್ಲಿ ಮುಖ್ಯವಾಗುತ್ತದೆ. ಮನೆಯಲ್ಲಿ ಮತ್ತೆ ಮತ್ತೆ ಮಾಡುತ್ತ ಬಂದ ನಾಲ್ಕು ಸೂಪುಗಳನ್ನು, ಒಂದೇ ದಪ್ಪ ತಳದ ಪಾತ್ರೆಯಲ್ಲಿ ಬೇಯಿಸಿ ಒಂದೇ ಬಗೆಯ ಪಿಂಗಾಣಿ ಬಟ್ಟಲಿಗೆ ಬಡಿಸಿ, ಈ ಮೂರು ಅಳತೆಗಳಿಂದ ತೂಗಿ ನೋಡಿದ್ದೇನೆ.

ಎಲ್ಲರಿಗೂ ಮೊದಲು ನೆನಪಾಗುವುದು ಟೊಮೆಟೊ ಸೂಪ್. ಅದರ ಹೆಚ್ಚುಗಾರಿಕೆ ವೇಗದಲ್ಲಿದೆ: ಈರುಳ್ಳಿ, ಬೆಳ್ಳುಳ್ಳಿಗಳನ್ನು ಬೆಣ್ಣೆಯಲ್ಲಿ ಬಾಡಿಸಿ, ಹೆಚ್ಚಿದ ಟೊಮೆಟೊ ಹಾಕಿ ಮುಚ್ಚಿಟ್ಟರೆ ಅರ್ಧ ಗಂಟೆಯೊಳಗೆ ರುಬ್ಬಿ ಸೋಸುವ ಹಂತಕ್ಕೆ ಬರುತ್ತದೆ. ಹಣ್ಣಾದ ಟೊಮೆಟೊದಲ್ಲಿ ಗಾಢ ಖಾದ್ಯರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಸಹಜವಾಗಿಯೇ ಹೇರಳವಾಗಿರುವುದರಿಂದ ಬೇರೆ ಸಾರದ ನೆರವಿಲ್ಲದೆಯೂ ನಾಲಿಗೆ ತುಂಬುವ ರುಚಿ ಬರುತ್ತದೆ. ಆದರೆ ಚಳಿಗಾಲದಲ್ಲಿ ಸಿಗುವ ಟೊಮೆಟೊ ಹಲವೆಡೆ ಅರೆಹಣ್ಣಾಗಿ, ನೀರು ನೀರಾಗಿರುತ್ತದೆ. ಅಂಥದ್ದನ್ನು ನೇರವಾಗಿ ಬೇಯಿಸಿದರೆ ಹುಳಿ ಮಾತ್ರ ಎದ್ದು ಕಾಣುತ್ತದೆ. ಹೋಳು ಮಾಡಿ ಎಣ್ಣೆ ಸವರಿ, ಅಂಚು ಕಂದುವವರೆಗೆ ಓವನ್‌ನಲ್ಲಿ ಸುಟ್ಟು ಬಳಸಿದರೆ ನೀರು ಇಂಗಿ ಸಿಹಿ ಮುಂದೆ ಬರುತ್ತದೆ, ಆದರೆ ವೇಗದ ಲಾಭ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ತೊಡಕು ಹಾಲಿನದು. ಹಾಲಿನ ಕೇಸಿನ್ ಎಂಬ ಪ್ರೋಟೀನು, ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ 4.6ರ ಆಸುಪಾಸಿನಲ್ಲಿ ಗಟ್ಟಿಗಟ್ಟುತ್ತದೆ, ಟೊಮೆಟೊದ ಹುಳಿಯೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ. ಕುದಿಯುವ ಸೂಪಿಗೆ ತಣ್ಣನೆಯ ಹಾಲು ಸುರಿದಾಗ ಕೆಂಪು ದ್ರವದ ತುಂಬ ರವೆಯಂಥ ಬಿಳಿ ಕಣಗಳು ತೇಲುವುದು ಇದೇ ಕಾರಣಕ್ಕೆ. ಒಲೆ ಆರಿಸಿ, ಒಂದು ಸೌಟು ಸೂಪನ್ನು ಕೆನೆಗೆ ಬೆರೆಸಿ ಹದಗೊಳಿಸಿ, ಆ ಮಿಶ್ರಣವನ್ನು ಪಾತ್ರೆಗೆ ಸೇರಿಸಿದರೆ ಒಡೆಯುವ ಅಪಾಯ ಬಹಳಷ್ಟು ತಗ್ಗುತ್ತದೆ; ಕೊಬ್ಬು ಹೆಚ್ಚಿರುವ ಕೆನೆ ಹಾಲಿಗಿಂತ ಸುಲಭವಾಗಿ ತಾಳಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಟೊಮೆಟೊ ಸೂಪ್ ಊಟವಾಗುವುದಿಲ್ಲ. ಜೊತೆಗೆ ಹುರಿದ ಬ್ರೆಡ್ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹಸಿವು ಮತ್ತೆ ಕೆರಳುತ್ತದೆ, ಹಸಿವು ಕೆರಳಿಸುವುದೇ ಅದರ ಕೆಲಸ ಎಂದರೂ ತಪ್ಪಿಲ್ಲ.

ಕೆಂಪು ಬೇಳೆ, ಅಂದರೆ ಸಿಪ್ಪೆ ತೆಗೆದು ಒಡೆದ ಮಸೂರ, ಇದಕ್ಕೆ ನೇರ ಎದುರಾಳಿ. ನೆನೆಹಾಕುವ ಅಗತ್ಯವಿಲ್ಲ, ತೆರೆದ ಪಾತ್ರೆಯಲ್ಲೂ ಸುಮಾರು 20 ನಿಮಿಷಕ್ಕೆ ಕರಗುವಷ್ಟು ಬೇಯುತ್ತದೆ. ಮೊದಲ ಕುದಿಯಲ್ಲಿ ಏಳುವ ನೊರೆಯನ್ನು ಸೌಟಿನಿಂದ ತೆಗೆದು, ಕ್ಯಾರೆಟ್, ಜೀರಿಗೆ, ಬೆಳ್ಳುಳ್ಳಿ ಸೇರಿಸಿ ಸಣ್ಣ ಉರಿಯಲ್ಲಿ ಬಿಟ್ಟರೆ ನಡುನಡುವೆ ಕೈಯಾಡಿಸುವುದಷ್ಟೇ ಕೆಲಸ. ಟೊಮೆಟೊವನ್ನಾಗಲಿ ನಿಂಬೆರಸವನ್ನಾಗಲಿ ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು, ಏಕೆಂದರೆ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯ ನಡುವೆ ಬೇಗ ಕರಗುವುದಿಲ್ಲ, ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಬಿಸಿ ಉಳಿಸಿಕೊಳ್ಳುವುದರಲ್ಲಿ ಈ ನಾಲ್ಕರ ಪೈಕಿ ಬೇಳೆಯ ಸೂಪಿಗೆ ಸಾಟಿಯಿಲ್ಲ. ತೆಳು ದ್ರವದಲ್ಲಿ ಮೇಲ್ಭಾಗ ತಣಿದು ಕೆಳಗಿಳಿಯುತ್ತದೆ, ಕೆಳಗಿನ ಬಿಸಿ ಮೇಲೇರುತ್ತದೆ. ಈ ಸುತ್ತಾಟದಲ್ಲಿ ಬಟ್ಟಲಿನ ಶಾಖವೆಲ್ಲ ಬೇಗ ಹೊರಹೋಗುತ್ತದೆ. ಗಟ್ಟಿ ಸೂಪಿನಲ್ಲಿ ಆ ಚಲನೆಗೆ ಆಸ್ಪದ ಕಡಿಮೆ. ಮೇಲೆ ತೆಳ್ಳನೆಯ ಪದರ ಕಟ್ಟಿ ತಣಿದಂತೆ ಕಂಡರೂ ಚಮಚ ಒಳಗಿಳಿದಾಗ ಆವಿ ಏಳುತ್ತದೆ. ಮೇಲ್ಪದರವನ್ನು ನಂಬಿ ದೊಡ್ಡ ಗುಟುಕು ತೆಗೆದುಕೊಂಡವರು ನಾಲಿಗೆ ಸುಟ್ಟುಕೊಳ್ಳುತ್ತಾರೆ, ಆದ್ದರಿಂದ ಮಕ್ಕಳಿಗೆ ಬಡಿಸುವಾಗ ಚೆನ್ನಾಗಿ ಕಲಕಿಯೇ ಕೊಡಬೇಕು. (65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಪಾನೀಯಗಳ ಸೇವನೆ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2016ರಲ್ಲಿ ವರ್ಗೀಕರಿಸಿದೆ, ಕುದಿಕುದಿಯುತ್ತಿರುವಾಗಲೇ ಕುಡಿಯಬೇಕೆಂಬ ಹಟ ಒಳ್ಳೆಯದಲ್ಲ.) ಪ್ರೋಟೀನು, ನಾರು ಎರಡೂ ಇರುವುದರಿಂದ ಒಂದು ದೊಡ್ಡ ಬಟ್ಟಲು ರಾತ್ರಿಯ ಊಟಕ್ಕೆ ಸಾಕು. ಕೊರತೆಯೆಂದರೆ ಬಣ್ಣ ಮತ್ತು ಏಕತಾನತೆ: ಬೆಂದ ಮೇಲೆ ಕೆಂಪು ಬೇಳೆ ಮಂಕಾದ ಹಳದಿಗೆ ತಿರುಗುತ್ತದೆ, ಕೊನೆಯಲ್ಲಿ ಬೆಣ್ಣೆಯಲ್ಲಿ ಕಾಯಿಸಿದ ಮೆಣಸಿನ ಪುಡಿಯನ್ನು ಸುರಿಯದಿದ್ದರೆ ಅರ್ಧ ಬಟ್ಟಲಿಗೇ ನಾಲಿಗೆಗೆ ಬೇಸರ ಬರುತ್ತದೆ.

ಕೋಳಿ ಎಲುಬಿನ ತಿಳಿ ಸೂಪು ಬೇರೆಯೇ ಜಾತಿಯದು. ರೆಕ್ಕೆ, ಕತ್ತು, ಕಾಲುಗಳಂಥ ಕೀಲು ಹೆಚ್ಚಿರುವ ಭಾಗಗಳನ್ನು ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟರೆ ಕೀಲುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಕರಗಿ, ತಣಿದಾಗ ಹೆಪ್ಪುಗಟ್ಟುವ ಜೆಲಟಿನ್ ಆಗುತ್ತದೆ. ಭರದಿಂದ ಕುದಿಸಿದರೆ ಕೊಬ್ಬು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆತು ಸಾರ ಕದಡುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಒಂದು ಗಂಟೆಯೊಳಗೆ ಇದೇ ಕೆಲಸ ಮುಗಿಯುತ್ತದೆ, ಮತ್ತು ನನ್ನ ನಾಲಿಗೆಗೆ ವ್ಯತ್ಯಾಸ ಹುಡುಕಿದರಷ್ಟೇ ಸಿಗುತ್ತದೆ. ಸರಿಯಾಗಿ ಬಂದ ಸಾರವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಪಾತ್ರೆ ಓರೆ ಮಾಡಿದರೆ ಅದು ಹರಿಯದೆ ನಡುಗುತ್ತದೆ; ಮೇಲೆ ಹೆಪ್ಪುಗಟ್ಟಿದ ಹಳದಿ ಕೊಬ್ಬನ್ನು ಚಮಚದಿಂದ ಹಾಳೆಯಂತೆ ಎತ್ತಿ ತೆಗೆಯಬಹುದು.

ನೆಗಡಿಯ ದಿನ ಇದಕ್ಕೇ ನನ್ನ ಮತ. 2000ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು ಕೋಳಿ ಸೂಪು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಚಲನೆಯನ್ನು ತಗ್ಗಿಸುವುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಅದು ಗಾಜಿನ ತಟ್ಟೆಯ ಪ್ರಯೋಗವೇ ಹೊರತು ರೋಗಿಗಳ ಮೇಲಿನ ಪರೀಕ್ಷೆಯಲ್ಲ, ಆದ್ದರಿಂದ ಅದನ್ನು ಔಷಧಿಯೆಂದು ಹೇಳಿ ಬಡಿಸಬೇಕಾಗಿಲ್ಲ. ಕಟ್ಟಿದ ಮೂಗಿಗೆ ಆವಿ, ಒಣಗಿದ ಗಂಟಲಿಗೆ ಉಪ್ಪು ಬೆರೆತ ಬಿಸಿ ದ್ರವ, ಅನ್ನ ಸೇರದ ಹೊಟ್ಟೆಗೆ ಹಗುರವಾದ ಆಹಾರ ಸಿಗುತ್ತದೆ, ಅಷ್ಟು ಸಾಕು. ಆದರೆ ಆರೋಗ್ಯವಂತನ ಸಂಜೆಗೆ ಈ ತಿಳಿಸಾರವೊಂದೇ ಸಾಲದು. ಮಾಂಸದ ಎಳೆ, ನೂಡಲ್ಸ್ ಅಥವಾ ಅಕ್ಕಿ ಬೀಳಲೇಬೇಕು. ತೆಳುವಾಗಿರುವುದರಿಂದ ಬಟ್ಟಲಿನಲ್ಲಿ ಬೇಗ ಆರುತ್ತದೆ. ಕೊಬ್ಬನ್ನು ಪೂರ್ತಿ ತೆಗೆಯದೆ ತೆಳ್ಳನೆಯ ಪದರ ಉಳಿಸಿದರೆ ಆವಿಯಾಗುವುದು ಕಡಿಮೆಯಾಗಿ ಬಿಸಿ ತುಸು ಹೆಚ್ಚು ನಿಲ್ಲುತ್ತದೆ.

ಅಣಬೆಯ ಸೂಪನ್ನು ನಾನು ಮಾಂಸ ತಿನ್ನದವರ ತಿಳಿಸಾರವೆಂದೇ ಲೆಕ್ಕ ಹಿಡಿಯುತ್ತೇನೆ. ಅಣಬೆಯಲ್ಲಿ ಶೇಕಡಾ 90ರಷ್ಟು ನೀರೇ ಇರುವುದರಿಂದ ಅಗಲವಾದ ಬಾಣಲೆಯಲ್ಲಿ ಆ ನೀರು ಬತ್ತಿ, ಚರಚರ ಸದ್ದು ಬದಲಾಗಿ, ಹೋಳು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿಯುವ ತಾಳ್ಮೆ ಬೇಕು. ಆ ತಾಳ್ಮೆಯಿಲ್ಲದೆ ಮಾಡಿದ ಸೂಪು ಬೂದುಬಣ್ಣದ ಬಿಸಿನೀರಾಗುತ್ತದೆ. ಒಣಗಿಸಿದ ಅಣಬೆ ಒಂದು ಹಿಡಿ ನೆನೆಸಿ ಆ ನೀರನ್ನೂ ಸೋಸಿ ಹಾಕಿದರೆ ಆಳ ಬರುತ್ತದೆ, ಏಕೆಂದರೆ ಒಣ ಅಣಬೆಯ ಗ್ವಾನಿಲೇಟ್ ಎಂಬ ಅಂಶ ಗ್ಲುಟಮೇಟಿನ ರುಚಿಯನ್ನು ಹಲವು ಪಟ್ಟು ಎತ್ತಿಹಿಡಿಯುತ್ತದೆ. ಎಷ್ಟು ಬೇಯಿಸಿದರೂ ಹೋಳು ಕರಗದೆ ಹಲ್ಲಿಗೆ ಸಿಗುವುದು ಇದರ ಇನ್ನೊಂದು ಗುಣ, ಬೇಳೆ ಸೂಪಿನಲ್ಲಿ ಇಲ್ಲದ ಗುಣ.

ಈ ನಾಲ್ಕರ ಆಚೆ, ಕುಂಬಳಕಾಯಿಯ ಸೂಪು ಸಿಹಿ ಇಷ್ಟಪಡುವವರಿಗೆ ಸರಿ, ನನಗೆ ನಾಲ್ಕು ಚಮಚದ ಮೇಲೆ ಸೇರುವುದಿಲ್ಲ. ಆಲೂಗಡ್ಡೆಯದು ಬಿಸಿ ಹಿಡಿಯುವುದರಲ್ಲಿ ಬೇಳೆಯ ಸಮಕ್ಕೆ ಬರುತ್ತದೆ, ಆದರೆ ಮಿಕ್ಸಿಯಲ್ಲಿ ತಿರುಗಿಸಿದರೆ ಪಿಷ್ಟ ಹೊರಬಿದ್ದು ಅಂಟಾಗುವುದರಿಂದ ಕೈಯಿಂದಲೇ ಮಸೆಯಬೇಕು. ಯಾವುದೇ ಬಿಸಿ ಸೂಪನ್ನು ಮಿಕ್ಸಿಗೆ ಹಾಕುವಾಗಲೂ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ಮರುದಿನಕ್ಕೆ ಉಳಿಸುವ ವಿಷಯದಲ್ಲಿ ಅಂತರ ಇನ್ನೂ ಸ್ಪಷ್ಟ. ಅಡುಗೆಯಾದ ಎರಡು ಗಂಟೆಯೊಳಗೆ ಆಳವಿಲ್ಲದ ಪಾತ್ರೆಗೆ ಸುರಿದು ಫ್ರಿಜ್ಜಿಗೆ ಸೇರಿಸಿದರೆ ಎಲ್ಲವೂ ಮೂರು ನಾಲ್ಕು ದಿನ ನಿಲ್ಲುತ್ತವೆ. ಕೆನೆ ಹಾಕಿದ ಟೊಮೆಟೊ ಸೂಪು ಫ್ರೀಜರಿನಿಂದ ಹೊರಬಂದಾಗ ಒಡೆದಿರುತ್ತದೆ, ಆಲೂಗಡ್ಡೆಯದು ಮರಳುಮರಳಾಗುತ್ತದೆ. ಬೇಳೆಯ ಸೂಪು ರಾತ್ರಿ ಕಳೆದರೆ ಗಟ್ಟಿಯಾಗಿ ಚಮಚ ನಿಲ್ಲಿಸುವಂತಾಗುತ್ತದೆ, ಒಂದು ಲೋಟ ನೀರು ಸೇರಿಸಿ ಉಪ್ಪು ಸರಿಪಡಿಸಿದರೆ ಮೊದಲಿಗಿಂತ ರುಚಿ. ಕೋಳಿಯ ಸಾರವನ್ನು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬಿಡಬಹುದು. ವಾರದ ಸಂಜೆಗಳಿಗೆ ನನ್ನ ಆಯ್ಕೆ ಬೇಳೆಯೇ. ನೀರಿನ ಬದಲು ಆ ಸಾರದ ಗಡ್ಡೆಗಳನ್ನೋ, ಮಾಂಸ ತಿನ್ನದವರಾದರೆ ಒಣ ಅಣಬೆ ನೆನೆಸಿದ ನೀರನ್ನೋ ಹಾಕಿ ಬೇಯಿಸಿದಾಗ ಅದರ ಏಕತಾನತೆಯ ದೂರೂ ಬಹುಮಟ್ಟಿಗೆ ಇಲ್ಲವಾಗುತ್ತದೆ.