ಹಳೆಯ ಗ್ರೀನ್ ಕಾರ್ಡ್‌ಗೆ ಹೊಸ ಅರ್ಜಿ: ಮಡಿಕೇರಿಯ ಒಂದು ವಲಸೆ ಸಲಹಾ ಕಚೇರಿಯ ಸೇವೆ ಹೇಗಿದೆ

ವರ್ಷಗಟ್ಟಲೆ ಅಮೆರಿಕದಿಂದ ದೂರ ಉಳಿದು ಗ್ರೀನ್ ಕಾರ್ಡ್‌ನ, ಅಂದರೆ ಅಲ್ಲಿ ಖಾಯಂ ವಾಸದ, ಹಕ್ಕು ಕಳೆದುಕೊಂಡವರಿಗೆ, ಅಲ್ಲಿರುವ ಮಕ್ಕಳ ಮೂಲಕ ಅದನ್ನು ಮತ್ತೆ ಪಡೆಯಲು ನೆರವಾಗುವ ಸಲಹಾ ಕಚೇರಿಯೊಂದು ಮಡಿಕೇರಿಯಲ್ಲಿದೆ. ನಮ್ಮ ದೊಡ್ಡಮ್ಮನವರ ಕಡತವನ್ನು ಮೊದಲಿನಿಂದ ವೀಸಾ ಕೈಸೇರುವವರೆಗೆ ಅಲ್ಲಿಯೇ ಮಾಡಿಸಿದೆವು. ಕೆಲಸವೇನೋ ಆಯಿತು. ಆದರೆ ಅವರ ಸೇವೆಯಲ್ಲಿ ತುಂಬ ಮೆಚ್ಚಬೇಕಾದದ್ದೂ, ದುಡ್ಡು ಕೊಟ್ಟು ಪಡೆಯಬಾರದ್ದೂ ಎರಡೂ ಬೆರೆತಿರುವುದರಿಂದ ಕಚೇರಿಯ ಹೆಸರನ್ನು ಬರೆಯದೆ, ಇದೇ ಸ್ಥಿತಿಯಲ್ಲಿರುವ ಕೊಡಗಿನ ಕುಟುಂಬಗಳಿಗೆ ಉಪಯೋಗವಾಗುವಷ್ಟನ್ನು ಬರೆಯುತ್ತಿದ್ದೇನೆ. ನಮ್ಮೂರಿನ ದಾಖಲೆಗಳನ್ನು ಜೋಡಿಸುವ ಕೆಲಸಕ್ಕೆ ಇವರಿಗಿಂತ ಉತ್ತಮರು ಜಿಲ್ಲೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಮೆರಿಕದ ಕಾನೂನಿನ ಸೂಕ್ಷ್ಮಗಳಿಗೆ ಮಾತ್ರ ಇವರೊಬ್ಬರನ್ನೇ ನೆಚ್ಚಿಕೊಳ್ಳುವಂತಿಲ್ಲ.

ದೊಡ್ಡಮ್ಮನವರ ಸಂಗತಿ ಇಲ್ಲಿ ಅನೇಕರಿಗೆ ಪರಿಚಿತವಾದದ್ದೇ. ದೊಡ್ಡಪ್ಪನವರ ನೌಕರಿಯ ಮೂಲಕ ಗ್ರೀನ್ ಕಾರ್ಡ್ ಪಡೆದು ಬಹುಕಾಲ ಅಲ್ಲಿದ್ದರು. ದೊಡ್ಡಪ್ಪನವರು ತೀರಿಹೋದ ಮೇಲೆ, ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ನೋಡಿಕೊಳ್ಳಲು 2017ರ ಕೊನೆಯಲ್ಲಿ ಊರಿಗೆ ಬಂದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತೋಟದ ಒಂದು ಭಾಗ ಮಣ್ಣುಪಾಲಾಯಿತು. 2020ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅತ್ತೆಯವರ ಕಾಲಾನಂತರವೂ ತೋಟದ ಕೆಲಸ ಒಂದಲ್ಲ ಒಂದು ಕಾರಣಕ್ಕೆ ಅವರನ್ನು ಹಿಡಿದಿಟ್ಟುಕೊಂಡಿತು. ಕಾರ್ಡ್‌ನ ಮೇಲೆ ಅಚ್ಚಾಗಿದ್ದ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಟಿಕೆಟ್ ಮಾಡಿಸಿ ಹೊರಟರಾಯಿತು ಎಂಬ ನಂಬಿಕೆಯಲ್ಲಿ ಮನೆಯವರೆಲ್ಲ ಇದ್ದರು.

ಈ ನಂಬಿಕೆಯನ್ನು ಕಚೇರಿಯವರು ಮೊದಲ ಭೇಟಿಯಲ್ಲೇ ಬಿಡಿಸಿದರು. ಮರುಪ್ರವೇಶದ ಪರವಾನಗಿ ಇಲ್ಲದೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಆ ಕಾರ್ಡ್ ಒಂದೇ ಪ್ರವೇಶಪತ್ರವಾಗಿ ಸಲ್ಲುವುದಿಲ್ಲ. ವಿಮಾನ ಸಂಸ್ಥೆಯವರು ಹತ್ತಿಸಿಕೊಳ್ಳದಿರಬಹುದು, ಹತ್ತಿಸಿಕೊಂಡರೂ ಅಲ್ಲಿಯ ಅಧಿಕಾರಿಗಳು ವಾಸದ ಹಕ್ಕನ್ನು ಬಿಟ್ಟುಕೊಡುವ ಐ-407 ನಮೂನೆಯನ್ನು ಮುಂದಿಡಬಹುದು. ಅದಕ್ಕೆ ಸಹಿ ಹಾಕಲೇಬೇಕೆಂಬ ಕಟ್ಟುಪಾಡಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಇರುತ್ತದೆ ಎಂಬುದನ್ನೂ ಅವರು ಅದೇ ಉಸಿರಿನಲ್ಲಿ ತಿಳಿಸಿದರು. ಎಪ್ಪತ್ತು ದಾಟಿದವರನ್ನು ಅಂಥ ವಿಚಾರಣೆಗೆ ಒಡ್ಡುವುದು ಬೇಡವೆಂಬುದು ನಮ್ಮ ತೀರ್ಮಾನ. ಅವರದ್ದೂ ಅದೇ ಆಗಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎಸ್‌ಬಿ-1 ವೀಸಾದ ವಿಷಯದಲ್ಲಿ ಅವರು ನಡೆದುಕೊಂಡ ರೀತಿ. ದೀರ್ಘಕಾಲ ಹೊರಗುಳಿದ ಖಾಯಂ ನಿವಾಸಿಗಳು ಮರಳಲೆಂದೇ ಇರುವ ವೀಸಾ ಇದು. ಡಿಎಸ್-117 ನಮೂನೆಯಲ್ಲಿ, 180 ಡಾಲರ್ ಶುಲ್ಕ ಕಟ್ಟಿ, ಮೂರು ಸಂಗತಿಗಳನ್ನು ರುಜುವಾತು ಮಾಡಬೇಕು: ಹೊರಟಾಗ ಖಾಯಂ ನಿವಾಸಿಯಾಗಿದ್ದೆ, ಮರಳುವ ಉದ್ದೇಶ ಇಟ್ಟುಕೊಂಡೇ ಹೊರಟೆ ಮತ್ತು ಆ ಉದ್ದೇಶವನ್ನು ಬಿಡಲಿಲ್ಲ, ತಡವಾದದ್ದು ನನ್ನ ಕೈಮೀರಿದ ಕಾರಣದಿಂದ. ಗುಡ್ಡ ಕುಸಿದ ಸುದ್ದಿಯ ಪತ್ರಿಕಾ ತುಣುಕುಗಳನ್ನೂ ಆಸ್ಪತ್ರೆಯ ಚೀಟಿಗಳನ್ನೂ ನಾವು ಕಟ್ಟುಕಟ್ಟಾಗಿ ಒಯ್ದಿದ್ದೆವು. ಕಡತ ನೋಡುತ್ತಿದ್ದ ಹೆಣ್ಣುಮಗಳು ಎಲ್ಲವನ್ನೂ ಸಾವಧಾನವಾಗಿ ಓದಿ, 2022ರ ಮಾರ್ಚ್ 27ರಿಂದ ವಿಮಾನಗಳು ಎಂದಿನಂತೆ ಹಾರತೊಡಗಿದ ಮೇಲೆ ಯಾಕೆ ಹೋಗಲಿಲ್ಲ ಎಂದು ಕೇಳಿದರು. ದೊಡ್ಡಮ್ಮ ಕಾಫಿ ಕೊಯ್ಲಿನ ಮಾತೆತ್ತಿದರು. "ಅಮ್ಮಾ, ತೋಟಕ್ಕೆ ನೀವೇ ಉಳಿದಿರಿ, ನಿಮ್ಮನ್ನು ಯಾರೂ ಕಟ್ಟಿಹಾಕಲಿಲ್ಲ, ವೀಸಾ ಅಧಿಕಾರಿಗಳು ಹಾಗೆಯೇ ಬರೆದುಕೊಳ್ಳುತ್ತಾರೆ" ಎಂದು ಆಕೆ ಹೇಳಿದಾಗ ನಮಗೆ ಕೊಂಚ ಕಸಿವಿಸಿಯಾದದ್ದು ನಿಜ. ಆದರೆ ಆ ಅರ್ಜಿಯನ್ನೂ ಹಾಕಿಸಿ, ಅದರ ಶುಲ್ಕವನ್ನೂ ತಮ್ಮ ಸಂಬಳವನ್ನೂ ಪಡೆದು, ತಿರಸ್ಕಾರವಾದ ಮೇಲೆ ಎರಡನೆಯ ದಾರಿ ತೋರಿಸುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡಲಿಲ್ಲ.

ಎರಡನೆಯ ದಾರಿ ಎಂದರೆ ಅಲ್ಲಿರುವ ಮಗಳು, ಅಂದರೆ ನನ್ನ ತಂಗಿ. ಅಮೆರಿಕದ ಪೌರತ್ವ ಪಡೆದು 21 ವರ್ಷ ತುಂಬಿದ ಮಗ ಅಥವಾ ಮಗಳು ತಂದೆತಾಯಿಗಾಗಿ ಐ-130 ಅರ್ಜಿ ಸಲ್ಲಿಸಬಹುದು. ಈ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ, ಆದ್ದರಿಂದ ಸರದಿಯ ಕಾಯುವಿಕೆಯೂ ಇಲ್ಲ. ಕಚೇರಿಗಳು ಕಡತ ನೋಡಲು ತೆಗೆದುಕೊಳ್ಳುವ ಕಾಲ ಮಾತ್ರ. ಮಕ್ಕಳ ಬಳಿ ಇರುವುದು ಗ್ರೀನ್ ಕಾರ್ಡ್ ಆದರೆ ಈ ಅವಕಾಶ ಸಿಗದು, ಪೌರತ್ವವೇ ಬೇಕು. 2024ರ ಏಪ್ರಿಲ್‌ನಲ್ಲಿ ದರ ಬದಲಾದ ಮೇಲೆ ಅರ್ಜಿಯ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್ ಎಂದಾಗಿದೆ. ಅಲ್ಲಿರುವ ದೊಡ್ಡಮ್ಮನವರ ತಮ್ಮ ತಾನೇ ಅರ್ಜಿ ಹಾಕುವುದಾಗಿ ಮುಂದೆ ಬಂದಿದ್ದರು. ಒಡಹುಟ್ಟಿದವರ ವರ್ಗದಲ್ಲಿ ಭಾರತದವರ ಸರದಿ ಹದಿನೈದು ವರ್ಷವನ್ನೂ ಮೀರುತ್ತದೆ ಎಂದು ತಿಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಇನ್ನೊಂದು ಊರಿನ ದಲ್ಲಾಳಿಯೊಬ್ಬರು ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದು ಅರ್ಜಿ ಹಾಕಿ ಎಂದು ನಮಗೆ ಹೇಳಿದ್ದರು. ನೆಲೆಸುವ ಉದ್ದೇಶವನ್ನು ಮುಚ್ಚಿಟ್ಟು ಪ್ರವಾಸಿಯೆಂದು ಹೇಳಿಕೊಳ್ಳುವುದು ಸುಳ್ಳು ಹೇಳಿಕೆಯೆಂದು ಪರಿಗಣಿತವಾದರೆ ಬಾಗಿಲು ಶಾಶ್ವತವಾಗಿ ಮುಚ್ಚಬಹುದೆಂದು ಮಡಿಕೇರಿಯವರು ಖಂಡಿತವಾಗಿ ನಿರಾಕರಿಸಿದರು.

ಇನ್ನು ದಾಖಲೆಗಳ ವಿಚಾರ. ಇವರ ಶುಲ್ಕ ಸಾರ್ಥಕವಾಗುವುದು ಇಲ್ಲಿಯೇ. ತಾಯಿಗಾಗಿ ಮಗಳು ಹಾಕುವ ಅರ್ಜಿಯಲ್ಲಿ ಮುಖ್ಯವಾದ ಕಾಗದ ಮಗಳ ಜನನ ಪ್ರಮಾಣಪತ್ರ. ಅದರಲ್ಲಿ ತಾಯಿಯ ಹೆಸರಿರಬೇಕು. ತಂದೆಗಾಗಿ ಹಾಕುವಾಗ ಕೇಳುವ ತಂದೆತಾಯಿಯ ವಿವಾಹ ಪ್ರಮಾಣಪತ್ರ ತಾಯಿಯ ಅರ್ಜಿಗೆ ಹಾಗೆ ಅನಿವಾರ್ಯವಲ್ಲ. ನೋಂದಣಿಯೇ ಆಗದ ಹಳೆಯ ಕಾಲದ ಮದುವೆ, ದೊಡ್ಡಪ್ಪನವರೂ ಈಗಿಲ್ಲ, ಏನು ಮಾಡುವುದೆಂದು ಚಿಂತಿಸುತ್ತಿದ್ದ ನಮಗೆ ಇದು ದೊಡ್ಡ ಸಮಾಧಾನ. ತೊಡಕು ಬೇರೆಡೆ ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲಾದದ್ದರಿಂದ ಆಸ್ಪತ್ರೆಯವರು ತಾಯಿಯ ಹೆಸರಿನ ಮುಂದೆ ತವರಿನ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರನ್ನು ಬರೆದುಕೊಂಡಿದ್ದರು. ಪಾಸ್‌ಪೋರ್ಟ್‌ನಲ್ಲಿ ಇರುವುದು ಗಂಡನ ಒಕ್ಕದ ಹೆಸರು. ಕೊಡವರ ಮನೆಗಳಲ್ಲಿ ಇದು ತೀರ ಸಹಜ, ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ಆದರೆ ನಮ್ಮ ಪದ್ಧತಿ ಗೊತ್ತಿಲ್ಲದ ಅಧಿಕಾರಿಯ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ಹೆಂಗಸರು.

ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಇದನ್ನು ವಿವರಿಸುವಷ್ಟರಲ್ಲಿ ಸುಸ್ತಾಗುತ್ತದೆ. ಇಲ್ಲಿ ವಿವರಿಸುವ ಅಗತ್ಯವೇ ಬೀಳಲಿಲ್ಲ. ಗಂಡನ ಹೆಸರು ನಮೂದಾಗಿದ್ದ ಹಳೆಯ ಪಾಸ್‌ಪೋರ್ಟ್‌ಗಳು, ತವರಿನ ಹೆಸರಿದ್ದ ಶಾಲಾ ವರ್ಗಾವಣೆ ಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಮದುವೆಯನ್ನೂ ಮಗುವಿನ ಜನನವನ್ನೂ ಕಂಡ ಇಬ್ಬರು ಹಿರಿಯರ ಅಫಿಡವಿಟ್ ಇಷ್ಟನ್ನು ಒಂದರ ಹಿಂದೆ ಒಂದಿಟ್ಟು, ಎರಡು ಹೆಸರುಗಳೂ ಒಬ್ಬರದ್ದೇ ಹೇಗೆ ಎಂಬುದನ್ನು ಒಂದು ಪುಟದ ವಿವರಣೆಯಲ್ಲಿ ಬರೆದು ಜೋಡಿಸಿದರು. ಕೊಡಗು 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಸೇರುವುದಕ್ಕಿಂತ ಮೊದಲೇ ದೊಡ್ಡಮ್ಮ ಹುಟ್ಟಿದವರು. ಹಳೆಯ ಕಾಗದಗಳಲ್ಲಿ ರಾಜ್ಯದ ಹೆಸರು ಕೂರ್ಗ್ ಎಂದೂ ಹೊಸದರಲ್ಲಿ ಕರ್ನಾಟಕ ಎಂದೂ ಇರುವುದಕ್ಕೆ ಕೂಡ ಅದೇ ಪುಟದಲ್ಲಿ ಒಂದು ವಾಕ್ಯ ಸೇರಿಸಿದ್ದರು. ಮೇಲಿನಿಂದ ಹೆಸರಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಪಹಣಿಯ ಬಗ್ಗೆಯೂ ಅವರ ಮಾತು ಕೇಳತಕ್ಕದ್ದು. ನಮ್ಮಲ್ಲಿ ಯಾವ ಕಚೇರಿಗೆ ಹೊರಟರೂ ತೋಟದ ಪಹಣಿ, ಜಮ್ಮಾ ಬಾಣೆ ಜಮೀನಿನ ಕಾಗದ, ಕಂದಾಯದ ರಸೀದಿ ಕಂಕುಳಲ್ಲಿರುತ್ತವೆ. ಪ್ರವಾಸಿ ವೀಸಾ ಕೇಳುವವರು ಊರಿಗೆ ಮರಳುತ್ತೇವೆಂದು ತೋರಿಸಲು ಅವು ನೆರವಾಗಬಹುದು. ನೆಲೆಸಲು ಹೋಗುವವರ ಕಡತದಲ್ಲಿ ಅವಕ್ಕೆ ಕೆಲಸವಿಲ್ಲ. ಎಸ್‌ಬಿ-1 ಕೇಳುವವರಿಗಂತೂ ಕೊಡಗಿನಲ್ಲೇ ಬೇರೂರಿದ್ದಾರೆಂಬ ಸಾಕ್ಷ್ಯವನ್ನು ತಾವೇ ಒದಗಿಸಿಕೊಟ್ಟಂತೆ. ಅಷ್ಟೂ ಕಾಗದವನ್ನು ನಯವಾಗಿ ನಮ್ಮ ಕೈಗೇ ಮರಳಿಸಿದರು. ಅಮೆರಿಕದಲ್ಲಿದ್ದ ಹಿಂದಿನ ವರ್ಷಗಳನ್ನೂ ಹಳೆಯ ಕಾರ್ಡ್‌ನ ಸಂಖ್ಯೆಯನ್ನೂ ವಲಸೆ ವೀಸಾದ ಅರ್ಜಿಯಾದ ಡಿಎಸ್-260ರಲ್ಲಿ ಮುಚ್ಚುಮರೆಯಿಲ್ಲದೆ ಬರೆಸಿದ್ದು ಸಹ ಸರಿಯಾದ ಕ್ರಮವೇ.

ತಪ್ಪಿದ್ದು ಹಣಕಾಸಿನ ಭರವಸೆಯ ಪತ್ರದಲ್ಲಿ. ಕರೆಸಿಕೊಳ್ಳುವವರು ತಮ್ಮ ಆದಾಯ ಅಲ್ಲಿಯ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇದೆಯೆಂದು ಐ-864 ನಮೂನೆಯಲ್ಲಿ ತೋರಿಸಬೇಕು. ತಂಗಿ ಆಗಷ್ಟೇ ಕೆಲಸ ಬದಲಿಸಿದ್ದರಿಂದ ಅವಳ ತೆರಿಗೆ ಪತ್ರಗಳು ಸಾಲದೆಂದು ಹೇಳಿ, ಜೊತೆಗೆ ಇನ್ನೊಬ್ಬರ ಭರವಸೆ ಬೇಕೆಂದು ಕಚೇರಿಯವರು ಓಡಾಡಿಸಿದರು. ವಾಸ್ತವದಲ್ಲಿ, ವಲಸೆ ಹೋಗುವವರ ಲೆಕ್ಕಕ್ಕೆ ಅಲ್ಲಿಯ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯ 40 ತ್ರೈಮಾಸಿಕಗಳ ದುಡಿಮೆ ಇದ್ದರೆ ಈ ಭರವಸೆಯೇ ಬೇಡ, ಐ-864ಡಬ್ಲ್ಯೂ ಎಂಬ ವಿನಾಯಿತಿ ನಮೂನೆ ಸಾಕು. ದಾಂಪತ್ಯದ ಅವಧಿಯಲ್ಲಿ ಗಂಡ ದುಡಿದ ತ್ರೈಮಾಸಿಕಗಳು ಅವರು ತೀರಿಕೊಂಡ ಮೇಲೂ ಹೆಂಡತಿಯ ಲೆಕ್ಕಕ್ಕೆ ಸೇರುತ್ತವೆ. ಹತ್ತು ವರ್ಷಕ್ಕೂ ಮೀರಿ ದುಡಿದ ದೊಡ್ಡಪ್ಪನವರ ದಾಖಲೆ ಅದೇ ಮೇಜಿನ ಮೇಲಿತ್ತು. ಇದನ್ನು ಗುರುತಿಸಿದ್ದು ತಂಗಿ ಅಲ್ಲಿ ಒಂದು ಗಂಟೆಯ ಶುಲ್ಕ ಕೊಟ್ಟು ಕಂಡ ವಕೀಲರು. ಮೊದಲೊಮ್ಮೆ ಅಲ್ಲಿ ಬಾಳಿ ದುಡಿದು ಮರಳಿದವರೇ ಈ ಕಚೇರಿಯ ಗಿರಾಕಿಗಳಾಗಿರುವಾಗ, ಅಂಥವರಿಗೇ ಅನ್ವಯಿಸುವ ವಿನಾಯಿತಿಯನ್ನು ಮರೆಯುವುದು ಸಣ್ಣ ಲೋಪವೆಂದು ನನಗೆ ಅನಿಸುವುದಿಲ್ಲ. ತಿಳಿಸಿದಾಗ ಒಪ್ಪಿಕೊಂಡು ಕಡತವನ್ನು ಸರಿಪಡಿಸಿದರು. ಶುಲ್ಕದಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಅನುವಾದದ ಖರ್ಚೂ ಹೆಚ್ಚಾಯಿತು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅದು ಸರಿಯಾಗಿದೆ, ತನಗೆ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಿದರೆ ಸಾಕಾಗುತ್ತದೆ. ಇವರು ಪ್ರತಿ ಪುಟಕ್ಕೂ ನೋಟರಿ ಮುದ್ರೆ ಒತ್ತಿಸಿ ಅದರ ಹಣವನ್ನೂ ಬಿಲ್ಲಿಗೆ ಸೇರಿಸಿದರು.

ಸಂದರ್ಶನದ ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅಚ್ಚುಕಟ್ಟಾಗಿತ್ತು. ವಲಸೆ ವೀಸಾದ ಸಂದರ್ಶನಕ್ಕೆ ಹೋಗಬೇಕಾದದ್ದು ಮುಂಬಯಿಯ ಕಾನ್ಸುಲೇಟ್‌ಗೆ, ಚೆನ್ನೈಗಲ್ಲ. ಅದಕ್ಕೂ ಮೊದಲು ಗೊತ್ತುಪಡಿಸಿದ ವೈದ್ಯರಲ್ಲಿ ತಪಾಸಣೆ ಮುಗಿಸಿರಬೇಕು. ರೈಲೇ ಇಲ್ಲದ ಜಿಲ್ಲೆಯಿಂದ, ಅದೂ ಮಳೆಗಾಲದಲ್ಲಿ, ಘಟ್ಟ ಇಳಿದು ಮಂಗಳೂರಿಗೆ ಹೋಗಿ ವಿಮಾನ ಹಿಡಿಯುವ ವಯಸ್ಸಾದವರಿಗೆ ಒಂದು ದಿನದ ಬಿಡುವು ಇಟ್ಟುಕೊಂಡೇ ಹೊರಡಿ ಎಂಬ ಅವರ ಸೂಚನೆಯನ್ನು ಪಾಲಿಸಿದ್ದು ಒಳ್ಳೆಯದಾಯಿತು.

ವೀಸಾ ಬಂದ ಮೇಲೆ ಕೈಗೆ ಕೊಡುವ ಕರಪತ್ರವನ್ನು ಮಾತ್ರ ಅವರು ತಿದ್ದಬೇಕು. ಆರು ತಿಂಗಳಿಗೊಮ್ಮೆ ಅಮೆರಿಕಕ್ಕೆ ಹೋಗಿಬಂದರೆ ಕಾರ್ಡ್‌ಗೆ ಅಪಾಯವಿಲ್ಲ ಎಂದು ಅದರಲ್ಲಿ ಅಚ್ಚು ಹಾಕಿಸಿದ್ದಾರೆ. ಹಾಗಿಲ್ಲ. ಅಧಿಕಾರಿಗಳು ದಿನ ಎಣಿಸುವುದಷ್ಟೇ ಅಲ್ಲ, ನಿಜವಾದ ಮನೆ ಎಲ್ಲಿದೆ, ತೆರಿಗೆಯ ಲೆಕ್ಕವನ್ನು ನಿವಾಸಿಯಾಗಿ ಸಲ್ಲಿಸುತ್ತಿದ್ದಾರೆಯೇ ಎಂಬುದನ್ನೂ ನೋಡುತ್ತಾರೆ. ಬರೀ ಮುಖ ತೋರಿಸಿ ಮರಳುವವರ ಹಕ್ಕನ್ನೂ ಪ್ರಶ್ನಿಸಬಹುದು. ಕೈಲ್‌ಪೊಳ್ದ್ ಹಬ್ಬಕ್ಕೆ ಬಂದು ಪುತ್ತರಿ ಹಬ್ಬ ಮುಗಿಸಿಕೊಂಡು ಹೋಗುವುದು ದೊಡ್ಡಮ್ಮನವರ ಆಸೆ. ಆ ಮೂರು ತಿಂಗಳಿಗೆ ತೊಂದರೆಯಿಲ್ಲ. ಹೆಚ್ಚು ಕಾಲ ಉಳಿಯಬೇಕಾಗಿ ಬಂದೀತೆಂಬ ಅನುಮಾನವಿದ್ದರೆ ಐ-131ರಲ್ಲಿ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಎರಡು ವರ್ಷ ನಡೆಯುವ ಈ ಪರವಾನಗಿಗೆ ಅಮೆರಿಕದ ನೆಲದಲ್ಲಿದ್ದಾಗಲೇ ಅರ್ಜಿ ಸಲ್ಲಿಸಬೇಕು, ಮಡಿಕೇರಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕರಪತ್ರದಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಸರ್ಕಾರಿ ಶುಲ್ಕಗಳನ್ನು ಬಿಟ್ಟು ಇವರು ನಮ್ಮಿಂದ ಪಡೆದದ್ದು ನಲವತ್ತು ಸಾವಿರ ರೂಪಾಯಿಯ ಆಸುಪಾಸು, ಕಂತುಗಳಲ್ಲಿ, ರಸೀದಿ ಸಮೇತ. ಹೆಸರಿನ ತೊಡಕಿರುವ, ಹಳೆಯ ದಾಖಲೆಗಳು ಅರ್ಧಂಬರ್ಧ ಇರುವ ಕುಟುಂಬಕ್ಕೆ ಇದು ದುಬಾರಿಯಲ್ಲ. ಎಲ್ಲ ಕಾಗದದಲ್ಲೂ ಹೆಸರು ಒಂದೇ ಆಗಿದ್ದು, ಅಲ್ಲಿರುವ ಮಕ್ಕಳಿಗೆ ಕುಳಿತು ನಮೂನೆ ತುಂಬುವ ತಾಳ್ಮೆ ಇದ್ದರೆ ಈ ಖರ್ಚೇ ಬೇಡ. ಆ ಹಣದಲ್ಲಿ ಅಲ್ಲಿಯ ವಕೀಲರನ್ನು ಒಮ್ಮೆ ಕಂಡು ಬರುವುದು ಮೇಲು. ಇವರಲ್ಲಿಗೇ ಹೋಗುವವರು ಆರಂಭದಲ್ಲಿಯೇ ಒಂದು ವಿಷಯ ಬಗೆಹರಿಸಿಕೊಳ್ಳಲಿ: ಆನ್‌ಲೈನ್ ಖಾತೆಗಳನ್ನೆಲ್ಲ ಕಚೇರಿಯವರು ತಮ್ಮ ಇಮೇಲ್ ವಿಳಾಸದಲ್ಲಿ ತೆರೆಯುತ್ತಾರೆ, ಮೇಲಿನಿಂದ ಬರುವ ಪತ್ರಗಳು ಮೊದಲು ಅವರಿಗೇ ತಲುಪುತ್ತವೆ. ನಾವು ಕೇಳಿಕೊಂಡ ಮೇಲೆ ತಂಗಿಯ ವಿಳಾಸಕ್ಕೆ ಬದಲಿಸಿಕೊಟ್ಟರು, ತಕರಾರೇನೂ ಮಾಡಲಿಲ್ಲ. ಆದರೆ ಕೇಳುವವರೆಗೆ ತಾವಾಗಿ ಹೇಳುವುದಿಲ್ಲ.