ಹೊಲಿಗೆ ಮೇಲೆ ಹಸಿ ಲೋಳೆಸರ ಬೇಡ: ಟಮ್ಮಿ ಟಕ್ ಆದ ಮೇಲೆ ನಾನು ಹಚ್ಚಿ ನೋಡಿದ ಗಿಡಮದ್ದುಗಳು

ಟಮ್ಮಿ ಟಕ್ (ಹೊಟ್ಟೆಯ ಸಡಿಲ ಚರ್ಮ, ಕೊಬ್ಬು ತೆಗೆದು ಬಿಗಿ ಮಾಡುವ ಆಪರೇಷನ್) ಮಾಡಿಸಿಕೊಂಡು ನನಗೆ 14 ತಿಂಗಳಾಯಿತು. ಇಷ್ಟರಲ್ಲಿ ಲೋಳೆಸರ, ಆರ್ನಿಕಾ ಮತ್ತು ಕ್ಯಾಲೆಂಡುಲಾ ಅನ್ನುವ ಹೂಗಿಡಗಳ ಮದ್ದು, ಈರುಳ್ಳಿ ಸಾರದ ಜೆಲ್, ಒಂದೆಲಗದ ಕ್ರೀಮ್ ಎಲ್ಲವನ್ನೂ ಬಳಸಿದ್ದೇನೆ. ಕೆಲವು ನಿಜಕ್ಕೂ ಹಿತ ಕೊಟ್ಟವು. ಒಂದು ಮಾತ್ರ ನನ್ನನ್ನು ಮತ್ತೆ ಡಾಕ್ಟರ ಹತ್ತಿರ ಓಡಿಸಿತು. ಅದರಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಹೆಚ್ಚಿನವರು ಮೊದಲು ಕೈ ಹಾಕುವುದೇ ಅದಕ್ಕೆ.

ಹಸಿ ಲೋಳೆಸರ. ಆಪರೇಷನ್ ಆಗಿ 16 ದಿನ ಆಗಿತ್ತು. ಹೊಲಿಗೆ ಒಣಗಿದ ಹಾಗೆ ಕಾಣುತ್ತಿತ್ತು, ಮೇಲಿನ ಟೇಪು ಅಂಚಿನಲ್ಲಿ ಎದ್ದಿತ್ತು. ಎಲೆ ಮುರಿದು, ಲೋಳೆ ಕೆರೆದು, ಈ ಸೊಂಟದಿಂದ ಆ ಸೊಂಟದವರೆಗೆ ಇಡೀ ಗೆರೆಗೆ ಬಳಿದುಬಿಟ್ಟೆ. ತಂಪಾಯಿತು, ಆ ರಾತ್ರಿ ಒಳ್ಳೆ ನಿದ್ದೆಯೂ ಬಂತು. ಮೂರನೇ ದಿನ ಗೆರೆಯ ಎರಡು ತುದಿಯಲ್ಲಿ ತುರಿಕೆ. ಕನ್ನಡಿ ಮುಂದೆ ನಿಂತು ನೋಡಿದರೆ, ತುರಿಕೆಯೇ ಇಲ್ಲದ ನಡುಭಾಗದಲ್ಲಿ, ಹೊಕ್ಕುಳ ಕೆಳಗೆ, ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಸಾಲಾಗಿ ಎದ್ದಿದ್ದವು. ಈ ಆಪರೇಷನ್‌ನಲ್ಲಿ ಚರ್ಮದ ಸಣ್ಣ ನರಗಳು ತುಂಡಾಗುತ್ತವೆ, ಹಾಗಾಗಿ ಕೆಳಹೊಟ್ಟೆ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗೇ ಇರುತ್ತದೆ. ಉರಿಯೋ ತುರಿಕೆಯೋ ಬಂದು ಎಚ್ಚರಿಸಬೇಕಿದ್ದ ಜಾಗಕ್ಕೆ ಏನೂ ಗೊತ್ತೇ ಆಗಿರಲಿಲ್ಲ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಏನೇ ಹಚ್ಚಿದರೂ ಚರ್ಮಕ್ಕೆ ತಿಳಿಯುತ್ತದೆ ಅಂತ ನಂಬಬೇಡಿ, ದಿನಾ ಕಣ್ಣಿಂದ ನೋಡಿ.

ಡಾಕ್ಟರು ಬೈಯಲಿಲ್ಲ, ಆದರೆ ಮೊದಲು ಕೇಳಿದ್ದು "ಹಳದಿ ರಸ ತೆಗೆದಿದ್ರಾ?" ಅಂತ. ನನಗೆ ಅದು ಗೊತ್ತೇ ಇರಲಿಲ್ಲ. ಲೋಳೆಸರದ ಸಿಪ್ಪೆಯ ಕೆಳಗೆ ಕಹಿಯಾದ ಹಳದಿ ರಸ ಇರುತ್ತದೆ, ಅದರಲ್ಲಿರುವ ಅಲೋಯಿನ್‌ನಂಥ ಅಂಶಗಳು ಚರ್ಮವನ್ನು ಕೆರಳಿಸುತ್ತವೆ. ನಡುವಿನ ಪಾರದರ್ಶಕ ಲೋಳೆ ಬೇರೆ, ಈ ರಸ ಬೇರೆ. ಆದರೆ ರಸ ಸೋರಿಸಿದರೂ ಇನ್ನೂ ಮಾಯದ ಗಾಯಕ್ಕೆ ಅದು ಬೇಡ ಅಂದರು. ಮನೆಯಲ್ಲಿ ಕೊಯ್ದ ಎಲೆ ಶುದ್ಧವಾಗಿರುವುದಿಲ್ಲ, ಅಲ್ವಾ. ಆಮೇಲೆ ಹುಡುಕಿ ಓದಿದಾಗ 1991ರ ಒಂದು ಅಧ್ಯಯನ ಸಿಕ್ಕಿತು. ಹೊಟ್ಟೆಯ ಆಪರೇಷನ್ ಆಗಿ ಗಾಯ ಬಾಯಿ ಬಿಟ್ಟಿದ್ದ ಹೆಂಗಸರಲ್ಲಿ, ಲೋಳೆಸರದ ಜೆಲ್ ಹಾಕಿದವರಿಗೆ ಮಾಯಲು ಸರಾಸರಿ 83 ದಿನ ಹಿಡಿದಿತ್ತು, ಹಾಕದವರಿಗೆ 53. ಚಿಕ್ಕ ಅಧ್ಯಯನ, ನಿಜ. ಆದರೂ ಇದನ್ನು ಮೊದಲೇ ಓದಿದ್ದರೆ ನಾನು ಖಂಡಿತ ಹಚ್ಚುತ್ತಿರಲಿಲ್ಲ.

ಎಲ್ಲ ನಿಲ್ಲಿಸಿ, ಡಾಕ್ಟರು ಹೇಳಿದಂತೆ ಬರೀ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿದೆ. ಹತ್ತು ದಿನದಲ್ಲಿ ಗುಳ್ಳೆ ಹೋಯಿತು. (ನಿಮ್ಮ ಗಾಯ ಹೊಲಿಗೆಯ ಬದಲು ಅಂಟಿನಿಂದ ಮುಚ್ಚಿದ್ದರೆ ಜೆಲ್ಲಿ, ಎಣ್ಣೆ ಯಾವುದೂ ಬೇಡ, ಅಂಟು ಬೇಗ ಬಿಟ್ಟುಕೊಳ್ಳುತ್ತದೆ.)

ಅದೇ ಲೋಳೆಸರ, ಬಾಟಲಿಯ ಜೆಲ್ ರೂಪದಲ್ಲಿ, ಎರಡು ತಿಂಗಳ ಮೇಲೆ ನನಗೆ ತುಂಬಾ ಉಪಯೋಗಕ್ಕೆ ಬಂತು. ಹೊಲಿಗೆಗಲ್ಲ, ಆಪರೇಷನ್ ಆದ ಮೇಲೆ ಹೊಟ್ಟೆಗೆ ಕಟ್ಟುವ ಬಿಗಿಯಾದ ಬೆಲ್ಟ್ ಒತ್ತಿ ಕೆಂಪಗಾಗಿದ್ದ ಪಕ್ಕೆಗಳಿಗೆ. ಪರಿಮಳ ಮತ್ತು ಆಲ್ಕೋಹಾಲ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ಹಸಿರು ಬಣ್ಣ ಹಾಕಿದ ಜೆಲ್ ಸುಮ್ನೆ ದುಡ್ಡು ದಂಡ.

ಆರ್ನಿಕಾ ಜೆಲ್ ಅನ್ನು ಕಂದಿದ ಜಾಗಕ್ಕೆ ಹಚ್ಚಿದೆ. ಸೊಂಟದ ಪಕ್ಕ ನೇರಳೆ ಬಣ್ಣಕ್ಕೆ ತಿರುಗಿತ್ತು, ಎರಡು ವಾರದಲ್ಲಿ ಹಳದಿಯಾಗಿ ಮಾಸಿತು. ಇದು ಆರ್ನಿಕಾದ ಗುಣವೇ ಅಂತ ಹೇಳಲಾರೆ, ಹಾಗೇ ಬಿಟ್ಟರೂ ಎರಡು ಮೂರು ವಾರದಲ್ಲಿ ಮಾಸುತ್ತದೆ. ಬಿರಿದ ಚರ್ಮಕ್ಕೆ, ಗಾಯದ ಬಾಯಿಗೆ ಇದನ್ನು ಮುಟ್ಟಿಸಲೇಬಾರದು.

ನನಗೆ ಜಾಸ್ತಿ ಇಷ್ಟವಾಗಿದ್ದು ಕ್ಯಾಲೆಂಡುಲಾ ಮುಲಾಮು. ಆರು ವಾರ ಕಳೆದು, ಹಕ್ಕಳೆಯೆಲ್ಲ ತಾನಾಗಿ ಉದುರಿದ ಮೇಲೆ, ಗೆರೆಯ ಸುತ್ತ ಹೊಟ್ಟು ಏಳುತ್ತಿದ್ದ ಚರ್ಮಕ್ಕೆ ರಾತ್ರಿ ಹಚ್ಚುತ್ತಿದ್ದೆ. ಬೆಳಿಗ್ಗೆ ಚರ್ಮ ಮೆತ್ತಗಿರುತ್ತಿತ್ತು, ಎಳೆತ ಕಡಿಮೆಯಾಗುತ್ತಿತ್ತು. ಇದು ಚೆಂಡುಹೂವಲ್ಲ, ಬೇರೆ ಗಿಡ. ಆದರೆ ಕ್ಯಾಲೆಂಡುಲಾ, ಆರ್ನಿಕಾ, ಚೆಂಡುಹೂವು, ಸೇವಂತಿಗೆ ಎಲ್ಲವೂ ಒಂದೇ ಕುಟುಂಬ. ಸೇವಂತಿಗೆ ಮುಟ್ಟಿದರೆ ಕೈ ತುರಿಸುವವರು ಈ ಎರಡು ಮುಲಾಮುಗಳಿಂದಲೂ ದೂರ ಇರಿ. ಲೋಳೆಸರದ ಪಾಠ ಆದ ಮೇಲೆ ನಾನು ಯಾವುದನ್ನೇ ಆದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಮೂರು ದಿನ ಕಾಯುತ್ತೇನೆ. ಒಂದು ಗಂಟೆ ಸಾಲದು, ಇಂಥ ಅಲರ್ಜಿ ಎರಡನೇ ಮೂರನೇ ದಿನ ಕಾಣಿಸಿಕೊಳ್ಳುವುದೇ ಹೆಚ್ಚು.

ಒಂದೆಲಗದ ಕ್ರೀಮ್ ಹಿತವಾಗಿತ್ತು, ಅಷ್ಟೇ. ಈರುಳ್ಳಿ ಸಾರದ ಜೆಲ್ ಎರಡು ತಿಂಗಳು ಬಿಡದೆ ಹಚ್ಚಿದೆ, ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ವಿಟಮಿನ್ ಇ ಎಣ್ಣೆಯನ್ನು ಗೆಳತಿಯೊಬ್ಬಳು ಕೊಟ್ಟಿದ್ದಳು, ತೆರೆಯಲೇ ಇಲ್ಲ. 1999ರಲ್ಲಿ 15 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದರಿಂದ ಕಲೆ ಚೆನ್ನಾಗುವ ಬದಲು ಮೂರನೇ ಒಂದು ಪಾಲು ಜನಕ್ಕೆ ಅಲರ್ಜಿಯೇ ಬಂದಿತ್ತು. ಅರಿಶಿನದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹೊಲಿಗೆ ಸುತ್ತ ಕೆಂಪು ಹರಡುತ್ತಿದೆಯಾ ಅಂತ ನೋಡಿಯೇ ಸೋಂಕನ್ನು ಗುರುತಿಸುವುದು. ಅರಿಶಿನ ಬಳಿದರೆ ಆ ಕೆಂಪೇ ಕಾಣುವುದಿಲ್ಲ. ಜ್ವರ, ಕೀವು, ಬಿಸಿ, ಹೆಚ್ಚುತ್ತಿರುವ ನೋವು ಇದ್ದರೆ ಯಾವ ಗಿಡವೂ ಬೇಡ, ಅವತ್ತೇ ಡಾಕ್ಟರಿಗೆ ತೋರಿಸಿ.

ಕಲೆ ಚಪ್ಪಟೆಯಾಗಿದ್ದು ಮಾತ್ರ ಗಿಡದಿಂದಲ್ಲ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿಯನ್ನು (ಕಲೆಯ ಮೇಲೆ ಅಂಟಿಸುವ ಮೆತ್ತನೆಯ ಹಾಳೆ) ದಿನಕ್ಕೆ 12 ಗಂಟೆಗೂ ಹೆಚ್ಚು, ಮೂರು ತಿಂಗಳು ಹಾಕಿಕೊಂಡೆ. ಈಗ ಗೆರೆ ತಿಳಿ ಗುಲಾಬಿ ಬಣ್ಣದಲ್ಲಿದೆ, ಬಲ ತುದಿಯಲ್ಲಿ ಮಾತ್ರ ಸ್ವಲ್ಪ ಉಬ್ಬಿದೆ. ಕಲೆ ಪೂರ್ತಿ ಹದಕ್ಕೆ ಬರಲು 12ರಿಂದ 18 ತಿಂಗಳು ಬೇಕಂತೆ, ಹಾಗಾಗಿ ಆ ತುದಿಗೆ ಇನ್ನೂ ಪಟ್ಟಿ ಹಾಕುತ್ತಿದ್ದೇನೆ. ಪಟ್ಟಿ ಹಾಕುವ ಮುಂಚೆ ಕ್ಯಾಲೆಂಡುಲಾದ ಜಿಡ್ಡನ್ನು ತೊಳೆದು ಒರೆಸಿಕೊಳ್ಳಿ, ಇಲ್ಲದಿದ್ದರೆ ಅಂಟುವುದಿಲ್ಲ.