ಮಂಗ ಸತ್ತಿರಲಿಲ್ಲ: ಬೋರ್ನಿಯೊ ಕಾಡಿಗೆ ಹೋಗುವವರಿಗೆ ಒಂದು ಎಚ್ಚರಿಕೆ

ಜ್ವರ ಬಂದು ನಾಲ್ಕನೇ ದಿನ ಸಾಗರದಿಂದ ಅಮ್ಮ ಫೋನ್ ಮಾಡಿದಳು. ಹೇಗಿದ್ದೀಯಾ ಅಂತ ಕೇಳಲಿಲ್ಲ. "ನೀವು ಹೋಗಿದ್ದ ಕಡೆ ಮಂಗ ಏನಾದ್ರೂ ಸತ್ತಿತ್ತೇನೇ?" ಅಂದಳು.

ಮಲೆನಾಡಿನವರಿಗೆ ಈ ಪ್ರಶ್ನೆ ತಟ್ಟನೆ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಿನಿಂದ ನಮ್ಮ ಕಡೆಯವರ ಲೆಕ್ಕ ಒಂದೇ. ಕಾಡಲ್ಲಿ ಮಂಗ ಸತ್ತು ಬಿದ್ದಿದೆಯಾ, ಆ ದಿಕ್ಕಿಗೆ ಹೋಗಬೇಡ. ಸೊಪ್ಪಿಗೋ ದರಕಿಗೋ ಹೋಗಲೇಬೇಕಾದರೆ, ಕಾಯಿಲೆ ಹರಡುವ ಉಣುಗು ಹತ್ತದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಚಿಕೋ. ಬಂದ ಮೇಲೆ ಬಿಸಿನೀರು ಮೀಯಿ, ಮೈಮೇಲೆ ಉಣುಗು ಇದೆಯಾ ನೋಡಿಕೋ. ಮಂಗ ಹಲ್ಲು ಕಿರಿಯುತ್ತಾ ಗಟ್ಟಿಯಾಗಿ ಕೂತಿದ್ದರೆ ಚಿಂತೆ ಇಲ್ಲ, ಬಾಳೆಗೊನೆ ಮಾತ್ರ ಜೋಪಾನ.

"ಇಲ್ಲಮ್ಮ, ಎಲ್ಲಾ ಚೆನ್ನಾಗೇ ಇದ್ವು" ಅಂದೆ. ಅಮ್ಮನಿಗೆ ಸಮಾಧಾನವಾಯಿತು. ನನಗೂ ಆಯಿತು. ಆಗಬಾರದಿತ್ತು.

ನಾವಿರುವುದು ಕುಚಿಂಗ್‌ನಲ್ಲಿ. ಬೋರ್ನಿಯೊ ದ್ವೀಪದ ಮಲೇಷ್ಯಾ ಭಾಗ, ಸರವಾಕ್ ರಾಜ್ಯದ ರಾಜಧಾನಿ. ನಮ್ಮನೆಯವರ ಕೆಲಸದ ಮೇಲೆ ಬಂದು ಮೂರು ವರ್ಷವಾಯಿತು. ಇಲ್ಲಿ ಶನಿವಾರ ಬಂದರೆ ಮನೆಯಲ್ಲಿ ಕೂರುವುದೇ ಕಷ್ಟ. ಸುತ್ತ ಕಾಡು, ಪಕ್ಕದಲ್ಲಿ ಸಮುದ್ರ. ಸೆಮೆಂಗೊಗೆ ಹೋದರೆ ಒರಾಂಗುಟಾನ್. ಬಾಕೊಗೆ ಹೋದರೆ ಉದ್ದ ಮೂಗಿನ ಮಂಗ. ಅದನ್ನು ಇಲ್ಲಿಯ ಜನ ಓರಾಂಗ್ ಬೆಲಾಂಡಾ ಅನ್ನುತ್ತಾರೆ, ಅಂದರೆ ಡಚ್ಚರವನು. ಕೆಂಪು ಮುಖ, ದೊಡ್ಡ ಮೂಗು, ಮುಂದೆ ಬಂದ ಹೊಟ್ಟೆ. ನೋಡಿದವರಿಗೆ ಹೆಸರು ಯಾಕೆ ಬಂತು ಅಂತ ಹೇಳಬೇಕಾಗಿಲ್ಲ.

ಹೊಸದರಲ್ಲಿ ನಮಗೆ ಎಲ್ಲದಕ್ಕೂ ಭಯ. ಬಾಕೊ ಕಡಲತೀರದಲ್ಲಿ ಮೊಸಳೆ ಬೋರ್ಡ್ ನೋಡಿ ಮಗಳನ್ನು ನೀರಿಗೆ ಬಿಡಲಿಲ್ಲ. ಅಲ್ಲಿ ಕಾಲುದಾರಿ ಪಕ್ಕದ ಗಿಡದಲ್ಲಿ ಹಸಿರು ಮಂಡಲದ ಹಾವು ದಿನಗಟ್ಟಲೆ ಅಲುಗಾಡದೆ ಸುತ್ತಿಕೊಂಡಿರುತ್ತದೆ ಅಂತ ಗೊತ್ತಾದ ಮೇಲೆ ಕೈಹಿಡಿಕೆ ಮುಟ್ಟುವ ಮೊದಲು ಮೂರು ಸಲ ನೋಡುತ್ತಿದ್ದೆ. ಉಂಬಳಕ್ಕೆ ಅಂತ ಮೊಣಕಾಲವರೆಗಿನ ಕಾಲುಚೀಲ ತರಿಸಿದೆ. ಕ್ಯಾಂಟೀನ್ ಹತ್ತಿರ ಉದ್ದ ಬಾಲದ ಕೆರಾ ಮಂಗಗಳು ಬಂದು ನಮ್ಮ ಚಿತ್ರಾನ್ನದ ಡಬ್ಬಿಯನ್ನೇ ಎತ್ತಿಕೊಂಡು ಹೋದವು. ಒಂದು ಮಂಗ ಮಗಳ ಕೈ ಪರಚಿತು. ಸರವಾಕ್‌ನಲ್ಲಿ 2017ರಿಂದ ಹುಚ್ಚುನಾಯಿ ರೋಗ ಇದೆ. ಹಾಗಾಗಿ ಸುಮ್ನೆ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚುಚ್ಚುಮದ್ದು ಶುರು ಮಾಡಿಸಿದೆವು. ಅಷ್ಟು ಹುಷಾರಿನ ಜನ ನಾವು.

ಮಲೇರಿಯಾ ಮಾತ್ರ ನೆನಪಿಗೇ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ ಅನ್ನಿ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಲೇರಿಯಾ ಮಲೇಷ್ಯಾದ ಒಳಗೆ 2018ರಿಂದ ಹುಟ್ಟಿಲ್ಲ. "ಇಲ್ಲಿ ಮಲೇರಿಯಾ ಹೋಯ್ತು, ಡೆಂಗಿ ನೋಡ್ಕೊಳ್ಳಿ" ಅಂತ ಬಂದ ಹೊಸದರಲ್ಲೇ ಯಾರೋ ಹೇಳಿದ್ದರು. ಅದೇ ತಲೆಯಲ್ಲಿ ಉಳಿಯಿತು. ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತು ಅಲ್ವಾ? ನಾನು ಬೆಳಿಗ್ಗೆ ಮೈಗೆಲ್ಲ ಸೊಳ್ಳೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅದೆಲ್ಲ ಇಳಿದು ಹೋಗುತ್ತಿತ್ತು. ಸಂಜೆ ಮತ್ತೆ ಹಚ್ಚಿಕೊಂಡ ನೆನಪೇ ಇಲ್ಲ.

ಆ ತಿಂಗಳು ಎರಡು ಕಡೆ ಕತ್ತಲಾಗುವವರೆಗೆ ಕಾಡಿನಲ್ಲಿದ್ದೆವು. ಒಂದು, ಕುಬಾ ಕಾಡಿನ ಕಪ್ಪೆ ಕೊಳ. ಕುಚಿಂಗ್‌ನಿಂದ ಹೆಚ್ಚು ದೂರವಿಲ್ಲ. ಮುಸ್ಸಂಜೆಯಲ್ಲಿ ಅಲ್ಲಿ ಕೂತರೆ ಒಂದೊಂದು ಜಾತಿಯ ಕಪ್ಪೆ ಒಂದೊಂದು ಶ್ರುತಿ ಹಿಡಿಯುತ್ತದೆ. ಆ ಸಂಜೆಯ ದನಿಯ ರೆಕಾರ್ಡಿಂಗ್ ಒಂದು 2014ರಲ್ಲಿ ಜಗತ್ತಿನ ಅತಿ ಚಂದದ ದನಿ ಅಂತ ಗೆದ್ದಿತ್ತು. ನಮ್ಮೂರ ಮಳೆಗಾಲದ ಗದ್ದೆ ನೆನಪಾಗಿ ನಾನು ಏಳಲೇ ಇಲ್ಲ. ಏಳೂವರೆವರೆಗೆ ಕೂತಿದ್ದೆವು.

ಇನ್ನೊಂದು ಡುರಿಯನ್ ತೋಟ. ನಮ್ಮನೆಯವರ ಜೊತೆ ಕೆಲಸ ಮಾಡುವ ಒಬ್ಬರು ಬಿಡಾಯು ಅನ್ನುವ ಇಲ್ಲಿಯ ಬುಡಕಟ್ಟಿನವರು. ಅವರ ಹಳ್ಳಿ ಗುಡ್ಡದ ಬುಡದಲ್ಲಿದೆ. ಇಲ್ಲಿ ಡುರಿಯನ್ ಹಣ್ಣನ್ನು ಮರ ಹತ್ತಿ ಕೀಳುವುದಿಲ್ಲ. ಅದು ಮಾಗಿ ತಾನೇ ಬೀಳಬೇಕು. ಬೀಳುವುದು ಹೆಚ್ಚಾಗಿ ರಾತ್ರಿ. ಹಾಗಾಗಿ ಹಣ್ಣಿನ ಕಾಲದಲ್ಲಿ ಮನೆಮಂದಿ ತೋಟದ ಪೊಂಡೊಕ್‌ನಲ್ಲಿ ರಾತ್ರಿ ಕಾಯುತ್ತಾರೆ. ಪೊಂಡೊಕ್ ಅಂದರೆ ನಮ್ಮ ಕಡೆ ಹಂದಿ ಕಾಯಲು ಹಾಕುವ ಮಾಳದ ಹಾಗೆ. ನಾಲ್ಕು ಕಂಬ, ಒಂದು ಅಟ್ಟ, ಮೇಲೆ ತಗಡು. ಗೋಡೆ ಇಲ್ಲ. ಸಂಜೆ ಆರಕ್ಕೆ ಹೋಗಿ ಕೂತೆವು. ಮರದ ಮೇಲೆ ಬೆರುಕ್ ಮಂಗಗಳ ಹಿಂಡು ಇನ್ನೂ ಮಲಗಿರಲಿಲ್ಲ, ಕಿತ್ತಾಡುತ್ತಿದ್ದವು. ಬೆರುಕ್ ಅಂದರೆ ಹಂದಿಯಂತೆ ಗಿಡ್ಡ ಬಾಲದ ದಪ್ಪ ಮಂಗ. ಗೆಳೆಯರ ಸೋದರತ್ತೆ ಹೊಗೆ ಹಾಕಿದ್ದರು. ನನ್ನ ಕಣ್ಣು ಉರಿಯುತ್ತದೆ ಅಂತ ನಾನೇ ಗಾಳಿಯ ಇನ್ನೊಂದು ಬದಿಗೆ ಸರಿದು ಕೂತೆ. ಆ ರಾತ್ರಿ ಹನ್ನೊಂದು ಹಣ್ಣು ಬಿತ್ತು. ಒಂದೊಂದು ಬಿದ್ದಾಗಲೂ ಮಗಳು ಟಾರ್ಚ್ ಹಿಡಿದು ಓಡುತ್ತಿದ್ದಳು. ಅಷ್ಟು ಖುಷಿಯ ರಾತ್ರಿ ಈಚೆಗೆ ಕಂಡಿಲ್ಲ ಅಂತ ಈಗಲೂ ಅನಿಸುತ್ತದೆ.

ಹನ್ನೊಂದನೇ ದಿನ ಮಧ್ಯಾಹ್ನ ಚಳಿ ಬಂತು. ಕುಚಿಂಗ್‌ನ ಸೆಖೆಯಲ್ಲಿ ಕಂಬಳಿ ಹೊದ್ದು ನಡುಗಿದೆ. ರಾತ್ರಿ ಬೆವರಿ ಜ್ವರ ಇಳಿಯಿತು. ಬೆಳಿಗ್ಗೆ ಎದ್ದು ದೋಸೆ ಹುಯ್ದೆ. ಮಧ್ಯಾಹ್ನ ಮತ್ತೆ ಚಳಿ. ಮೂರನೇ ದಿನವೂ ಹಾಗೆಯೇ. ಬೆಳಿಗ್ಗೆ ಹೊತ್ತು ಇಳಿಯುತ್ತಿತ್ತಲ್ಲ, ಅದೇ ನನಗೆ ಮೋಸ ಮಾಡಿತು. ಇವತ್ತು ಪರವಾಗಿಲ್ಲ, ನಾಳೆ ಸರಿ ಹೋಗುತ್ತದೆ ಅಂದುಕೊಂಡೇ ಎರಡು ದಿನ ಕಳೆದೆ.

ಮನೆ ಹತ್ತಿರದ ಕ್ಲಿನಿಕ್‌ಗೆ ಹೋದೆವು. ಡೆಂಗಿ ಪರೀಕ್ಷೆ ಮಾಡಿದರು, ಇಲ್ಲ ಅಂತ ಬಂತು. ಪ್ಲೇಟ್‌ಲೆಟ್ ತೊಂಬತ್ತು ಸಾವಿರಕ್ಕೆ ಇಳಿದಿತ್ತು. "ಡೆಂಗಿಯೇ ಇರಬೇಕು, ಒಮ್ಮೊಮ್ಮೆ ಪರೀಕ್ಷೆಯಲ್ಲಿ ಸಿಗುವುದಿಲ್ಲ" ಅಂದರು. ಪ್ಯಾರಸಿಟಮಾಲ್ ಕೊಟ್ಟು ಕಳಿಸಿದರು. ಕಾಡಿಗೆ ಹೋಗಿದ್ದಿರಾ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರನ್ನು ಬೈಯುವುದಕ್ಕಿಂತ ನನ್ನನ್ನೇ ಬೈದುಕೊಳ್ಳಬೇಕು. ಬಾಯಿ ಇತ್ತಲ್ಲ ನನಗೆ?

ಮನೆಗೆ ಬಂದು ನಮ್ಮನೆಯವರು ಪರಂಗಿ ಎಲೆ ಅರೆದು ರಸ ತೆಗೆದರು. ಪ್ಲೇಟ್‌ಲೆಟ್ ಏರಲಿ ಅಂತ. ಬೇವು ಇದರ ಮುಂದೆ ಬೆಲ್ಲ. ಎರಡು ದಿನ ಅದನ್ನು ಕುಡಿದು ವಾಂತಿ ಮಾಡಿಕೊಂಡೆ, ಅಷ್ಟೇ ಲಾಭ. ಅಮ್ಮನ ಫೋನ್ ಬಂದದ್ದು ಆವಾಗಲೇ. ಮಂಗ ಸತ್ತಿಲ್ಲ ಅಂದ ಮೇಲೆ ಕಾಡಿನ ಮಾತು ಅಲ್ಲಿಗೆ ಮುಗಿಯಿತು.

ಐದನೇ ದಿನ ಉಚ್ಚೆ ಕಡಿಮೆಯಾಯಿತು. ನಿಂತರೆ ಕಣ್ಣು ಕತ್ತಲೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ತುರ್ತು ವಿಭಾಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಬಂದು ಮೊದಲು ಕೇಳಿದ್ದೇ, "ಈಚೆಗೆ ಕಾಡಿಗೆ ಹೋಗಿದ್ದಿರಾ? ತೋಟ? ಹಳ್ಳಿ?" ಡುರಿಯನ್ ತೋಟದ ಮಾತು ಬಂದ ಕೂಡಲೇ ಬೆರಳು ಚುಚ್ಚಿ ರಕ್ತ ತೆಗೆದರು. ಕಾರ್ಡ್ ಮೇಲೆ ಹನಿ ಬಿಟ್ಟು ನೋಡುವ ದಿಢೀರ್ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಅವರು ಅದಕ್ಕೆ ನಿಲ್ಲಲಿಲ್ಲ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಒಂದೂವರೆ ಗಂಟೆಯಲ್ಲಿ ಬಂದು, "ಮಲೇರಿಯಾ. ಮಂಗನ ಮಲೇರಿಯಾ ಇರಬೇಕು" ಅಂದರು. ಪ್ಲೇಟ್‌ಲೆಟ್ ಆಗ ನಲವತ್ತೊಂದು ಸಾವಿರ. ಕಿಡ್ನಿಯ ಲೆಕ್ಕವೂ ಏರುಪೇರಾಗಿತ್ತು. ಅವತ್ತು ರಾತ್ರಿಯೇ ನರಕ್ಕೆ ಆರ್ಟಿಸುನೇಟ್ ಇಂಜೆಕ್ಷನ್ ಶುರು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಡಾಕ್ಟರ್ ಅಲ್ಲ, ಹಾಸಿಗೆಯಲ್ಲಿ ಮಲಗಿ ಡಾಕ್ಟರ್‌ಗಳನ್ನು ಕಾಡಿ ತಿಳಿದುಕೊಂಡದ್ದು ಇದು. ರೋಗಾಣುವಿನ ಹೆಸರು ಪ್ಲಾಸ್ಮೋಡಿಯಂ ನೋಲೆಸಿ. ಹೆಸರಿಗೆ ಕಾರಣ ರಾಬರ್ಟ್ ನೋಲ್ಸ್. ಕಲ್ಕತ್ತಾದ ಉಷ್ಣವಲಯ ರೋಗಗಳ ಸಂಸ್ಥೆಯಲ್ಲಿ ಇದ್ದವರು, 1932ರಲ್ಲಿ ದಾಸ್‌ಗುಪ್ತಾ ಅವರ ಜೊತೆ ಇದರ ಬಗ್ಗೆ ಬರೆದವರು. ಆದರೂ ಇದು ಅಪರೂಪದ ಕಾಯಿಲೆ ಅಂತಲೇ ಜಗತ್ತು ನಂಬಿತ್ತು. 2004ರಲ್ಲಿ ಇದೇ ಸರವಾಕ್‌ನ ವಿಶ್ವವಿದ್ಯಾಲಯದ ಬಲ್‌ಬೀರ್ ಸಿಂಗ್ ಮತ್ತು ಜೊತೆಯವರು ಕಾಪಿಟ್ ಕಡೆಯ 208 ಮಲೇರಿಯಾ ರೋಗಿಗಳ ರಕ್ತವನ್ನು ಪಿಸಿಆರ್ ಮಾಡಿ ನೋಡಿದರು. 120 ಜನರಲ್ಲಿ ಇದ್ದದ್ದು ನೋಲೆಸಿ. ಸೂಕ್ಷ್ಮದರ್ಶಕದಲ್ಲಿ ಅದು ಮಲೇರಿಯೆ ಅನ್ನುವ ಸೌಮ್ಯ ಜಾತಿಯ ಹಾಗೆ ಕಾಣುತ್ತದೆ. ಅದಕ್ಕೇ ಅಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಸೌಮ್ಯ ಜಾತಿ ರಕ್ತದಲ್ಲಿ ಮರಿ ಹಾಕಲು 72 ಗಂಟೆ ತೆಗೆದುಕೊಳ್ಳುತ್ತದೆ. ನಮ್ಮೂರಲ್ಲಿ ಕಾಣುವ ವೈವಾಕ್ಸ್, ಫಾಲ್ಸಿಪಾರಂ 48 ಗಂಟೆ. ಇದಕ್ಕೆ 24 ಗಂಟೆ ಸಾಕು. ಅದಕ್ಕೇ ನನಗೆ ದಿನಾ ಚಳಿ ಬರುತ್ತಿದ್ದದ್ದು. ನಾಳೆ ನೋಡೋಣ ಅಂತ ನಾನು ತಳ್ಳಿದ ಒಂದೊಂದು ದಿನವೂ ಅದಕ್ಕೆ ಒಂದು ಪೂರ್ತಿ ಸುತ್ತು.

ಮತ್ತೆ ಮಂಗಗಳು. ಕೆರಾಗೂ ಬೆರುಕ್‌ಗೂ ಇದು ರಕ್ತದಲ್ಲೇ ಇರುತ್ತದೆ, ಅವಕ್ಕೆ ಅಂಥ ತೊಂದರೆ ಏನೂ ಕಾಣುವುದಿಲ್ಲ. ಸಾಯುವುದಿಲ್ಲ, ಮಂಕಾಗುವುದಿಲ್ಲ. ಕ್ಯಾಸನೂರಿನ ಕಾಯಿಲೆಯಲ್ಲಿ ಪಾಪ ಮಂಗ ತಾನು ಸತ್ತು ನಮಗೆ ಸುದ್ದಿ ಕೊಡುತ್ತದೆ. ಇಲ್ಲಿ ಆ ಸುದ್ದಿಯೇ ಇಲ್ಲ. ಮಂಗ ಮುಟ್ಟುವುದೂ ಬೇಡ, ಕಚ್ಚುವುದೂ ಬೇಡ. ಅದನ್ನು ಕಚ್ಚಿದ ಕಾಡಿನ ಅನಾಫಿಲಿಸ್ ಸೊಳ್ಳೆ ಮುಸ್ಸಂಜೆಯಿಂದ ಶುರು ಮಾಡಿ ರಾತ್ರಿ ಹೊತ್ತು ಬಯಲಲ್ಲಿ ಕೂತವರನ್ನು ಕಚ್ಚುತ್ತದೆ. ಕಪ್ಪೆ ಕೊಳದಲ್ಲಿ ನಾವು ಕೂತ ಹೊತ್ತು, ಪೊಂಡೊಕ್‌ನಲ್ಲಿ ಕೂತ ಹೊತ್ತು, ಎರಡೂ ಅದೇ. ಎಲ್ಲಿ ಕಚ್ಚಿತೋ ಯಾರಿಗೆ ಗೊತ್ತು. ಪೊಂಡೊಕ್ ಅಂತ ನನ್ನ ಅನುಮಾನ. ಸೋದರತ್ತೆಯ ಹೊಗೆಯಿಂದ ಸರಿದು ಕೂತದ್ದು ನಾನೊಬ್ಬಳೇ, ಜ್ವರ ಬಂದದ್ದೂ ನನಗೊಬ್ಬಳಿಗೇ.

ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಇಲ್ಲಿ ಮಲೇರಿಯಾ ಅಂದರೆ ಸೇರಿಸಿಕೊಂಡೇ ನೋಡುತ್ತಾರೆ, ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಮೂರು ದಿನದ ಮಾತ್ರೆ. ಅದನ್ನು ಹಾಲಿನ ಜೊತೆಗೋ ಜಿಡ್ಡಿನ ಊಟದ ಜೊತೆಗೋ ತಗೊಳ್ಳಬೇಕು, ಆಗಲೇ ಮೈಗೆ ಹಿಡಿಯುವುದು. ಲಿವರ್‌ನಲ್ಲಿ ಅಡಗಿ ಕೂತು ತಿಂಗಳು ಬಿಟ್ಟು ಮತ್ತೆ ಏಳುವ ಬುದ್ಧಿ ವೈವಾಕ್ಸ್‌ನದ್ದು, ಇದಕ್ಕಿಲ್ಲ. ಅದೊಂದು ಪುಣ್ಯ.

ಕರ್ನಾಟಕದಿಂದ ಇಲ್ಲಿಗೆ ಪ್ರವಾಸ ಬರುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗಾಗಿಯೇ ಇಷ್ಟುದ್ದ ಬರೆದೆ. ಸೊಳ್ಳೆ ಕಚ್ಚಿ ಜ್ವರ ಬರಲು ಸುಮಾರು ಹತ್ತು, ಹನ್ನೆರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಬೆಂಗಳೂರಿಗೆ ವಾಪಸ್ ಹೋಗಿ ಆಫೀಸಿನಲ್ಲಿ ಕೂತಿರುತ್ತೀರಿ. ಅಲ್ಲಿನ ಡಾಕ್ಟರ್‌ಗೆ ನೋಲೆಸಿ ಹೊಳೆಯಬೇಕು ಅಂತೇನೂ ಇಲ್ಲ. ಕಾರ್ಡ್ ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೆ ನಂಬಿ ಮನೆಗೆ ಹೋಗಬೇಡಿ. ಬೋರ್ನಿಯೊ ಕಾಡಿಗೆ ಹೋಗಿದ್ದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ, ರಕ್ತ ಸವರಿ ನೋಡಿ ಅಂತ ಕೇಳಿ. ಅವತ್ತು ಸಿಗದಿದ್ದರೆ ಮರುದಿನ ಮತ್ತೆ ನೋಡಿಸಿ. ಇಲ್ಲೇ ಇರುವವರು ಕ್ಲಿನಿಕ್ ಬಾಗಿಲಲ್ಲೇ "ಸಾಯಾ ಮಾಸುಕ್ ಹುತಾನ್" ಅನ್ನಿ. ನಾನು ಕಾಡಿಗೆ ಹೋಗಿದ್ದೆ ಅಂತ ಅರ್ಥ. ಮಲಯ್ ಭಾಷೆಯಲ್ಲಿ ನನಗೆ ಅತಿ ದುಬಾರಿಯಾದ ಮೂರು ಪದ ಅವೇ.

ಕಾಡಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಈಗ ಸಂಜೆ ಐದೂವರೆಗೆ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ಎಲ್ಲೇ ಇರಲಿ, ಉದ್ದ ತೋಳಿನ ಅಂಗಿ ಹಾಕಿ, ಕಾಲುಚೀಲ ಎಳೆದು, ಡೀಟ್ ಇರುವ ಮುಲಾಮನ್ನು ಕುತ್ತಿಗೆ, ಕಿವಿ, ಪಾದದ ಗಂಟಿಗೆ ಹೊಸದಾಗಿ ಹಚ್ಚುತ್ತೇವೆ. ರಾತ್ರಿ ಉಳಿಯುವುದಾದರೆ ಸೊಳ್ಳೆ ಪರದೆ ಹೊತ್ತೊಯ್ಯುತ್ತೇವೆ. ಹೊಗೆ ಹಾಕಿದರೆ ಕಣ್ಣು ಉರಿದರೂ ಅಲ್ಲೇ ಕೂರುತ್ತೇನೆ.

ಡುರಿಯನ್ ಕಾಲ ಈಗ ಮತ್ತೆ ಬಂದಿದೆ. ಈ ಸಲ ನಾವು ತೋಟಕ್ಕೆ ಹೋದದ್ದು ಬೆಳಿಗ್ಗೆ ಎಂಟಕ್ಕೆ. ರಾತ್ರಿ ಬಿದ್ದದ್ದನ್ನೆಲ್ಲ ಸೋದರತ್ತೆ ಆಗಲೇ ಆರಿಸಿ ಬುಟ್ಟಿ ತುಂಬಿದ್ದರು. ನಮಗಾಗಿ ಹುಡುಕಿ ಮಗಳಿಗೆ ಸಿಕ್ಕಿದ್ದು ಎರಡೇ. ಅದರಲ್ಲಿ ಒಂದನ್ನು ಅಳಿಲು ಅರ್ಧ ತಿಂದಿತ್ತು.